ಮುಗದ ಸ್ಟೇಷನ್ನಿನ ಹಂಚುಗಳು

ಹೋದ ತಿಂಗಳು ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಓಣಿಯೊಂದರಲ್ಲಿ, ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಯ ಮುಂದೆ ಹಾದುಹೋಗುವಾಗ ಮೈದಾ ಅಂಟು ಕುದಿಯುವ ವಾಸನೆ ಬಂತು. ಹುಳ ಹತ್ತಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಬೆಂದ ಹಿಟ್ಟಿನ ಹಿತದ ಅಡಿಯಲ್ಲೊಂದು ಕಹಿ. ಅರವತ್ತು ವರ್ಷಗಳ ಹಿಂದೆ ನಮ್ಮ ಮನೆಯ ತುಂಬ ಇದೇ ವಾಸನೆ ಇರುತ್ತಿತ್ತು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆ, ಅಪ್ಪ, ಅವ್ವ, ನಾನು, ಮತ್ತೆ ಕಿಟಕಿಯ ಕೆಳಗೆ ಹಲಗೆ ಹಾಸಿಕೊಂಡು ಕೂತ ಗುರುನಾಥ ಕಾಕಾ.

ಕಾಕಾ ಅಪ್ಪನ ತಮ್ಮ. ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ, ಇನ್ನೂ ಮದುವೆಯಾಗಿರಲಿಲ್ಲ. ವಿಲಾಯತಿಗೆ ಹೊರಟ ಸಾಹೇಬರೊಬ್ಬರು ಅವನಿಗೊಂದು ಆಟದ ರೈಲು ಕೊಟ್ಟುಹೋಗಿದ್ದರು. ಇಂಜಿನ್ನು ನನ್ನ ತೋರುಬೆರಳಿನಷ್ಟೇ ಉದ್ದ, ಬೆರಳಿನಿಂದಲೇ ದೂಡಬೇಕು. "ಗಾಡಿ ಐತಿ, ನಿಂದರಾಕ ಊರ ಇಲ್ಲಲ್ಲ ಇದಕ್ಕ! ನಾವಿಬ್ರೂ ಕಟ್ಟೂಣೇನು, ಶಾಂತಾ?" ಎಂದ ಕಾಕಾ. ನನಗಾಗ ಹತ್ತು ವರ್ಷ. ಒಂದು ಭಾನುವಾರ ಪ್ಯಾಸೆಂಜರ್ ಹತ್ತಿ ಧಾರವಾಡದಾಚೆಯ ಮುಗದದ ಸಣ್ಣ ಸ್ಟೇಷನ್ನಿಗೆ ಹೋದೆವು. ಟೇಪಿನ ಒಂದು ತುದಿ ಹಿಡಿದು ನಾನು ಗೋಡೆಯಿಂದ ಗೋಡೆಗೆ ಓಡಿದೆ, ಕಾಕಾ ಅಳತೆ ಬರೆದುಕೊಂಡ. ಸ್ಟೇಷನ್ ಮಾಸ್ತರರು ಹೊರಗೆ ಬಂದು, "ಏನ್ರಿ, ನಮ್ಮ ಸ್ಟೇಷನ್ ಖರೀದಿ ಮಾಡ್ತೀರೇನು?" ಎಂದು ನಕ್ಕು ಚಹಾ ತರಿಸಿದರು.

ಆ ಸ್ಟೇಷನ್ನು ನಮ್ಮ ಹಲಗೆಯ ಮೇಲೆ ಗೇಣುದ್ದಕ್ಕಿಂತ ಚಿಕ್ಕದಾಗಿ ಎದ್ದು ನಿಂತಿತು. ಗೋಡೆಗಳಿಗೆ ರಟ್ಟು, ಕಂಬಗಳಿಗೆ ಸೀಳಿದ ಕಡ್ಡಿಪೆಟ್ಟಿಗೆಯ ಕಡ್ಡಿ, ಕಿಟಕಿಗಳಿಗೆ ಅಭ್ರಕದ ಚೂರು. ಬಾಗಿಲು ನನ್ನ ಕಿರುಬೆರಳಿನ ಉಗುರಿನಷ್ಟು. ಹಂಚುಗಳನ್ನು ಮಾತ್ರ ಒಂದೊಂದಾಗಿ ಹಚ್ಚಬೇಕಾಗಿತ್ತು. ಹಳೆಯ ಪೋಸ್ಟ್ ಕಾರ್ಡಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಕಾಕಾ ಬ್ಲೇಡಿನಿಂದ ಎಳ್ಳಿನ ಕಾಳಿನಷ್ಟು ಚೂರು ಕತ್ತರಿಸುತ್ತಿದ್ದ. ನಾನು ಸೂಜಿಯ ತುದಿಗೆ ಅಂಟು ಹಚ್ಚಿ, ಚೂರನ್ನೆತ್ತಿ, ಉಸಿರು ಬಿಗಿಹಿಡಿದು ಕೂರಿಸುತ್ತಿದ್ದೆ. ಶಾಲೆ ಬಿಟ್ಟು ಮನೆಗೆ ಬಂದ ಮೇಲೆ ದಿನಕ್ಕೊಂದು ಸಾಲು. ಮುಗದದಲ್ಲಿ ಹಿಂಬದಿಯ ಒಂದು ಹಂಚಿನ ಮೂಲೆ ಒಡೆದಿತ್ತು, ನಾನೂ ಅಲ್ಲೇ ಒಂದರ ಮೂಲೆ ಕತ್ತರಿಸಿದೆ. ಅದನ್ನು ನೋಡಿ ಕಾಕಾ, "ನಿನ್ನ ಬೆರಳಿಲ್ಲದ ಈ ಕೆಲಸ ಆಗ್ತಿದ್ದಿಲ್ಲ" ಎಂದ. ಆ ಮಾತನ್ನು ನಾನು ಎಷ್ಟು ಜನರಿಗೆ ಹೇಳಿಕೊಂಡು ತಿರುಗಿದೆನೋ!

ದಸರೆಯ ಹೊತ್ತಿಗೆ, ಕಚೇರಿಯವರಿಗೆ ತೋರಿಸಿ ತರುತ್ತೇನೆಂದು ಕಾಕಾ ಅದನ್ನು ಒಯ್ದ. ಮೂರು ದಿನದ ಮೇಲೆ ಅಪ್ಪ ನನ್ನನ್ನು ರೈಲ್ವೆಯವರು ಏರ್ಪಡಿಸಿದ್ದ ಮಕ್ಕಳ ಕೈಕೆಲಸದ ಪ್ರದರ್ಶನಕ್ಕೆ ಕರೆದುಕೊಂಡು ಹೋದ. ನಡುವಿನ ಮೇಜಿನ ಮೇಲೆ ನಮ್ಮ ಮುಗದ ಇತ್ತು. ಪಕ್ಕದಲ್ಲಿ ಕೆಂಪು ರಿಬ್ಬನ್ನು, ಮೊದಲನೆಯ ಬಹುಮಾನ, ಕಾಕಾನ ಕಚೇರಿಯ ದೊಡ್ಡ ಸಾಹೇಬರ ಮಗನ ಹೆಸರು. ಬರೆದವರು ತಪ್ಪಿದ್ದಾರೆಂದೇ ತಿಳಿದು, ಸಾಹೇಬರ ಜೊತೆ ನಿಂತಿದ್ದ ಕಾಕಾನ ಕಡೆ ಓಡಿದೆ.

"ಕಾಕಾ, ಅವರು ಹೆಸರು ತಪ್ಪ ಬರದಾರ!"

ಸುತ್ತಲಿನವರು ತಿರುಗಿ ನೋಡಿದರು. "ಏನಂತಾಳ ಈ ಹುಡುಗಿ?" ಎಂದರು ಸಾಹೇಬರು.

"ಹಂಚು ನಾನಽ ಹಚ್ಚೇನ್ರಿ. ಹಿಂದಿನ ಕಡೆ ಒಂದು ಒಡದೈತಿ, ನೋಡ್ರಿ ಬೇಕಾದ್ರ."

ಅವರ ಮಗ ತನ್ನ ಬೂಟು ನೋಡಿಕೊಳ್ಳುತ್ತ ನಿಂತ. ಸಾಹೇಬರು ಕಾಕಾನ ಮುಖ ನೋಡಿದರು. ಕಾಕಾ ನನ್ನ ಕಡೆ ತಿರುಗದೆ, "ಸಣ್ಣ ಹುಡುಗಿ ಐತ್ರಿ ಸಾಹೇಬ್ರ. ಸುಳ್ಳು ಹೇಳ್ತೈತಿ" ಎಂದ. ಅಪ್ಪ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದ.

ಮನೆಯಲ್ಲಿ ಕಾಕಾನನ್ನು ಯಾಕೆಂದು ಕೇಳಿದವಳು ಅವ್ವ ಒಬ್ಬಳೇ. ಕಾಕಾ ತಲೆ ಎತ್ತದೆ, "ನನ್ನ ಬಡ್ತಿ ಅವರ ಕೈಯಾಗ ಐತ್ರಿ ವೈನಿ. ಹೆಣ್ಣು ಹುಡುಗಿ, ಆಕಿಗೆ ಹೆಸರು ತಗೊಂಡು ಏನಾಗಬೇಕು?" ಎಂದ.

"ಹೆಸರು ಹೋಗಲಿ ಬಿಡು, ಗುರಣ್ಣ. ಆಕಿನ್ನ ಸುಳ್ಳಿ ಯಾಕ ಮಾಡಿದಿ?"

ಬಡ್ತಿ ಬಂತು. ಕಾಕಾ ಹೊಸ ರಟ್ಟು ತಂದು, ಭಾನುವಾರ ಹಲಗೆ ಹಾಸಿ, "ಈ ಸಲ ಅಳ್ನಾವರ ಸ್ಟೇಷನ್ ಕಟ್ಟೂಣು, ಬಾರವ್ವ" ಎಂದು ಕರೆದ. ಅಭ್ಯಾಸ ಇದೆ ಎಂದು ನಾನು ಪುಸ್ತಕ ತೆರೆದೆ. ಒಬ್ಬನೇ ನಾಲ್ಕು ಹಂಚು ಹಚ್ಚಿದ, ಎಲ್ಲ ಸೊಟ್ಟ. ಮುಂದಿನ ಭಾನುವಾರವೂ ಕರೆದ, ಅದರ ಮುಂದಿನದೂ. ಆಮೇಲೆ ಹಲಗೆ ಬಾಗಿಲ ಹಿಂದೆ ಸೇರಿತು, ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಪ್ರೀತಿಸಿದವರಿಂದಲೇ ಪೆಟ್ಟು ತಿಂದವರಿಗೆ ಗೊತ್ತು: ಸಿಟ್ಟು ಮಾಡಿಕೊಂಡು ಕೂತವರೂ ಒಳಗೇ ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತಿರುತ್ತಾರೆ.

ಬಹಳ ವರ್ಷಗಳ ನಂತರ ಕಾಕಾ ಧಾರವಾಡದ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋದೆ. "ಶಾಂತಾ, ನನ್ನ ಮ್ಯಾಲ ಸಿಟ್ಟು ಇನ್ನೂ ಐತೇನು?" ಎಂದ. ಇಲ್ಲವೆಂದೆ. ಅವನು ನನ್ನ ಬೆರಳುಗಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನಂಬಲಿಲ್ಲವೆಂದು ಕಾಣುತ್ತದೆ. ನಾಲ್ಕನೆಯ ದಿನ ಹೋಗಿಬಿಟ್ಟ.

ಈಗ ಅಪ್ಪನಿಲ್ಲ, ಅವ್ವನಿಲ್ಲ, ಆ ಎರಡು ಕೋಣೆಯ ಮನೆಯೂ ಇಲ್ಲ. ಅಲ್ಲಿ ಗುರುನಾಥ ಕಾಕಾನನ್ನು ಕಂಡವರಲ್ಲಿ ಉಳಿದಿರುವವಳು ನಾನೊಬ್ಬಳೇ. ಅವನನ್ನು ದೂರುವುದಕ್ಕೂ ನಾನೇ, ಅವನಿಗಾಗಿ ಅಳುವುದಕ್ಕೂ ನಾನೇ.