ಮಿಶ್ರಿ ಡಬ್ಬಿ

“ತಂಬಾಕ ನಾ ಯಾಕ ತಿನ್ನಲಿರಿ ಸಿಸ್ಟರ್? ಅದು ಗಂಡಸರ ಚಟ ಅದರಿ” ಎಂದರು ಮೆಹಕರದ ಶಾಂತಾಬಾಯಿ. ಬಾಯಿಯ ಕ್ಯಾನ್ಸರನ್ನು ಬೇಗ ಪತ್ತೆ ಹಚ್ಚುವ ಸಂಶೋಧನೆಯೊಂದರಲ್ಲಿ ನಾನು ನರ್ಸ್. ಮನೆಮನೆಗೆ ಹೋಗಿ ಮಾಹಿತಿ ಬರೆದುಕೊಳ್ಳುವುದು ನನ್ನ ಕೆಲಸ. ಉಳಿದ ಹೆಂಗಸರ ಹಾಳೆಗಳಂತೆ ಅವರದರಲ್ಲೂ ‘ಇಲ್ಲ’ ಎಂದು ಗುರುತು ಹಾಕಿದೆ.

ಇನ್ನು ಬಾಯಿ ನೋಡಬೇಕು ಎಂದಾಗ ಅವರಿಗೆ ಸಂಕೋಚವಾಯಿತು. “ಜರಾ ತಡೀರಿ, ಹಲ್ಲು ತಿಕ್ಕೊಂಡು ಬರ್ತೇನಿ” ಎಂದು ಗೂಡಿನಿಂದ ಡಬ್ಬಿ ತೆಗೆದು, ಕರಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡರು. ಮಿಶ್ರಿ! ತಂಬಾಕನ್ನೇ ಹಂಚಿನ ಮೇಲೆ ಕಪ್ಪಾಗುವಂತೆ ಹುರಿದು ಮಾಡಿದ ಹಲ್ಲುಪುಡಿ. ದಿನಕ್ಕೆ ಎಷ್ಟು ಸಲ ತಿಕ್ಕುತ್ತೀರಿ ಎಂದು ಕೇಳಿದೆ.

“ನಾಕೈದು ಸಲರಿ. ಇಲ್ಲಂದ್ರ ತಲಿ ನೋಯ್ತದರಿ.”

ಬಾಯಿ ತೊಳೆಸಿ ಟಾರ್ಚ್ ಹಾಕಿ ನೋಡಿದರೆ ಕೆನ್ನೆಯ ಒಳಭಾಗದಲ್ಲಿ ಬಿಳಿ ಮಚ್ಚೆಯೊಂದಿತ್ತು. ಮರುದಿನವೇ ಬೀದರಿನ ವೈದ್ಯರಿಗೆ ತೋರಿಸಲು ಏರ್ಪಾಡು ಮಾಡಿದೆ.

‘ಇಲ್ಲ’ ಎಂದು ಬರೆದುಕೊಂಡ ಮನೆಗಳಿಗೆಲ್ಲ ಮತ್ತೆ ಹೋಗಬೇಕಿತ್ತು. ಆದರೆ ಮೊದಲು ನೆನಪಾದದ್ದು ಭಾಲ್ಕಿಯ ನಮ್ಮ ಮನೆ. ಬಚ್ಚಲಲ್ಲಿ ನನ್ನ ಬ್ರಷ್ಷಿನ ಪಕ್ಕದಲ್ಲೇ ಅವ್ವನ ಮಿಶ್ರಿ ಡಬ್ಬಿ ನಾನು ಚಿಕ್ಕವಳಿದ್ದಾಗಿನಿಂದಲೂ ಇದೆ. ಅದೇ ಸಂಜೆ ಟಾರ್ಚ್ ಹಿಡಿದು “ಅವ್ವಾ, ಬಾಯಿ ತೆಗಿ” ಎಂದೆ.