ಶೀಷೆಗೆ ಹಚ್ಚಿದ ಭಂಡಾರ

ಶಿವಪುತ್ರಪ್ಪ ಡಾಕ್ಟರು ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ಹಲ್ಲು ನೋಡುತ್ತಿದ್ದರು. ಬನಹಟ್ಟಿಯ ನನ್ನ ಸೀರೆ ಅಂಗಡಿಗೆ ಮೊದಲ ಸಲ ಬಂದಾಗ ನಾನು ದರ ಹೇಳಿ ನಕ್ಕೆ. "ಸಾಹುಕಾರ್ರ, ಸೀರಿ ಆಮ್ಯಾಲ ನೋಡೂಣು. ಆ ದವಡಿ ಹಲ್ಲ ಇನ್ನೂ ಎಷ್ಟ ದಿನಾ ಸಾಕ್ತೀರಿ?" ಎಂದರು. ಆ ಗಡಿಬಿಡಿಯಲ್ಲಿ ಸೀರೆ ಅವರು ಹೇಳಿದ ದರಕ್ಕೇ ಹೋಯಿತು. ಸ್ನೇಹ ಮಾತ್ರ ಉಳಿಯಿತು.

ಮುಂಬೈಯಲ್ಲಿ ಕಲಿತು ಅಲ್ಲೇ ದವಾಖಾನೆ ನಡೆಸುತ್ತಿದ್ದ ಅವರು, ನಮ್ಮ ಕಡೆ ಹೊಸದಾಗಿ ಹಲ್ಲಿನ ಕಾಲೇಜು ಶುರುವಾದಾಗ ಮೊದಲ ತಂಡಕ್ಕೆ ಕಲಿಸಲು ಬಂದವರು. "ಮುಂಬೈದಾಗ ನಮ್ಮ ಗುರುಗಳು ಕಾಲೇಜ ಕಟ್ಟಿದಾಗ ಕುರ್ಚಿ ಸೈತ ಇರಲಿಲ್ಲರಿ. ಕಟಿಂಗ್ ಅಂಗಡಿ ಕುರ್ಚಿ ತಂದು ಕಲಿಸ್ಯಾರ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಇಲ್ಲಿ ಕುರ್ಚಿಗಳಿದ್ದವು, ಹಲ್ಲುಗಳಿರಲಿಲ್ಲ. ಕೊರೆಯುವುದನ್ನೂ ತುಂಬುವುದನ್ನೂ ಮೊದಲು ಕಿತ್ತ ಹಲ್ಲಿನ ಮೇಲೆ ಕಲಿಯಬೇಕಂತೆ. "ಇಲ್ಲಂದ್ರ ಹುಡುಗರು ಸೀದಾ ಮಂದಿ ಬಾಯಾಗ ಕಲೀತಾವು. ಅದನ್ನ ನಾ ಆಗಗೊಡೂದಿಲ್ಲ." ಆದರೆ ನಮ್ಮ ಜನ ಹಲ್ಲು ಕೊಟ್ಟಾರೆಯೇ? ಯಾರಾದರೂ ಮಾಟ ಮಾಡಿಸಿಯಾರೆಂದು ಮುಷ್ಟಿಯಲ್ಲಿ ಹಿಡಿದು ಒಯ್ದು ಹೂಳುತ್ತಿದ್ದರು.

ರನ್ನ ಬೆಳಗಲಿಯಲ್ಲಿ ಡಾಕ್ಟರು ಹಲ್ಲಿನ ಶಿಬಿರ ಇಟ್ಟಾಗ ನಾನೂ ಜೊತೆಗಿದ್ದೆ. ಕುರಿ ಕಾಯುವ ಮನೆಯ ಬೀರವ್ವ ಕಿತ್ತ ಹಲ್ಲನ್ನು ಬಿಗಿಯಾಗಿ ಹಿಡಿದು ಎದ್ದಳು. ಡಾಕ್ಟರು ಕೈ ಮುಗಿದು ಬೇಡಿದರೂ ಮುಷ್ಟಿ ಬಿಚ್ಚಲಿಲ್ಲ. ನಾನು ಅವರ ಕಿವಿಯಲ್ಲಿ, "ಬರೇ ಬೇಡಬ್ಯಾಡ್ರಿ. ಆಕೀಗೆ ಏನ ಬೇಕು ಕೇಳ್ರಿ" ಎಂದೆ. ವ್ಯಾಪಾರಕ್ಕಿಳಿಯುವವರಿಗೆಲ್ಲ ನಾನು ಹೇಳುವ ಬುದ್ಧಿ ಇದೊಂದೇ: ಗಿರಾಕಿಯ ಮನಸ್ಸಿನಲ್ಲಿರುವುದನ್ನು ಗಿರಾಕಿಯ ಬಾಯಿಂದಲೇ ಹೊರಡಿಸಿ.

ಡಾಕ್ಟರು ಕೇಳಿದರು. ಬೀರವ್ವ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಬೀರಪ್ಪ ದೇವರ ಭಂಡಾರ, ಹಳದಿ ಅರಿಶಿನದ ಪುಡಿ. "ಇದನ್ನ ಹಚ್ಚಿ ಇಟ್ಟರ ಯಾವ ಮಾಟಾನೂ ನಡಿಯೂದಿಲ್ಲ. ನಿನ್ನ ಹುಡುಗರು ಕೊರಿಯೂಕಿಂತ ಮೊದಲ ಕೈ ಮುಗೀಬೇಕು ನೋಡ. ಮುಗಸ್ತೀಯೇನ?"

"ಮುಗಸ್ತೇನಿ ಯವ್ವಾ."

ಡಾಕ್ಟರು ಬೂಟು ಕಳಚಿ ಔಷಧ ನೀರಿನ ಶೀಷೆ ಮುಂದೆ ಹಿಡಿದರು. ಆಕೆ ಅದಕ್ಕೆ ಭಂಡಾರ ಬಳಿದು ಹಲ್ಲು ಹಾಕಿದಳು. ಸಾಲಿನಲ್ಲಿದ್ದ ಮುದುಕನೊಬ್ಬ ಕೂಗಿದ: "ನಂದಕ್ಕೂ ಹಚ್ಚ ಬೇ! ಡಾಕ್ಟರ, ನಂದೂ ತಗೋರಿ!"

ಕಾಲೇಜಿಗೆ ಮರಳಿದ ಮೇಲೆ ಅದನ್ನು ಒರೆಸಿಬಿಡುತ್ತಾರೆಂದುಕೊಂಡಿದ್ದೆ. ಒರೆಸಲಿಲ್ಲ, ಕೊರೆಯುವ ಮೊದಲು ಹುಡುಗರಿಂದ ಕೈಯನ್ನೂ ಮುಗಿಸಿದರು. "ಇದೇನ್ರಿ, ಕಾಲೇಜೋ ಗುಡಿಯೋ?" ಎಂದು ಜೊತೆಯ ಮಾಸ್ತರರು ಚಾಷ್ಟಿ ಮಾಡಿದರೆ, "ಮಾತ ಕೊಟ್ಟೀನ್ರಿ" ಎಂದಷ್ಟೇ ನಗುತ್ತಿದ್ದರಂತೆ. ಆಮೇಲೆ ಅವರಿಗೆ ಹಲ್ಲಿನ ಕೊರತೆ ಬೀಳಲಿಲ್ಲ.

ಡಾಕ್ಟರು ತೀರಿಕೊಂಡ ಮರುವರ್ಷ, ಅವರು ಅಂದು ಕಂಡ ದವಡೆ ಹಲ್ಲು ನನ್ನನ್ನು ಮಲಗಗೊಡಲಿಲ್ಲ. ಜಮಖಂಡಿಯಲ್ಲಿ ಅವರ ಶಿಷ್ಯೆಯೊಬ್ಬಳ ದವಾಖಾನೆಗೆ ಹೋದೆ. ಕಿತ್ತದ್ದು ಗೊತ್ತೇ ಆಗಲಿಲ್ಲ, ಅಷ್ಟು ಹಗುರ ಕೈ.

"ಕಾಕಾ, ಈ ಹಲ್ಲ ಕಾಲೇಜಿಗೆ ಕೊಡ್ತೀರೇನ್ರಿ?"

ಬಾಯಲ್ಲಿ ಹತ್ತಿ ಇದ್ದರೂ ಚೌಕಾಸಿ ಬಿಡಲಾದೀತೇ? "ಭಂಡಾರ ಹಚ್ಚೂದಿದ್ರ ಅಷ್ಟ" ಎಂದೆ.

ಆಕೆ ನಕ್ಕು ಹಲ್ಲು ಹಾಕಿಡುವ ಶೀಷೆಯನ್ನು ನನ್ನತ್ತ ತಿರುಗಿಸಿದಳು. ಅದು ಆಗಲೇ ಹಳದಿಯಾಗಿತ್ತು.