ಎಲ್ಲ ವೃತ್ತಗಳಲ್ಲೂ ಅಮ್ಮ

ಅಪ್ಪ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಏನು ಬರೀತೀರಿ ಎಂದು ಯಾರಾದರೂ ಕೇಳಿದರೆ "ಸೊನ್ನೆ" ಅನ್ನುತ್ತಿದ್ದ. ಸುಳ್ಳೇನಲ್ಲ. ಬಾಯ್ಲರಿನ ಪೈಪುಗಳ ನಕ್ಷೆಯಲ್ಲಿ ಪೈಪಿಗೆ ಕೂರಿಸಿದ ಪ್ರತಿ ಮೀಟರಿಗೂ ಒಂದು ವೃತ್ತ. ಅದು ಒತ್ತಡ ಅಳೆಯುತ್ತದೋ ಬಿಸಿ ಅಳೆಯುತ್ತದೋ ಎಂದು ಹೇಳುವ ಅಕ್ಷರ ಮೇಲೆ, ಅದರ ನಂಬರು ಕೆಳಗೆ. ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಶಾಯಿ ಪೆನ್ನಿನಲ್ಲಿ ಅಪ್ಪ ಬರೆದ ಟ್ಯಾಗು ಮುತ್ತು ಪೋಣಿಸಿದ ಹಾಗಿರುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಬಾಯ್ಲರ್ ನಕ್ಷೆಯನ್ನು ತಿಂಗಳೊಳಗೆ ಅದರಲ್ಲಿ ಮಾಡಿ ಕೊಡದಿದ್ದರೆ ಸ್ಟೋರಿಗೆ ವರ್ಗ ಎಂದರು ಮ್ಯಾನೇಜರ್. ಸ್ಟೋರೆಂದರೆ ನಟ್ಟು ಬೋಲ್ಟು ಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ, ಆದರೂ ಅಪ್ಪನಿಗೆ ಊಟ ಸೇರದಾಯಿತು. ಗೆರೆ ಎಳೆಯದೆ ಈ ಮನುಷ್ಯ ಬದುಕಿಯಾನೇ ಎಂದು ಅಮ್ಮನೂ ಒಳಗೊಳಗೇ ಹೆದರಿದ್ದಳು.

ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ ಕಂಪ್ಯೂಟರ್ ಮೊದಲೇ ಕಲಿತಿದ್ದಳು. ವೃತ್ತವನ್ನು ಒಮ್ಮೆ ಬರೆದು, ಟ್ಯಾಗಿಗೆ ಖಾನೆ ಮಾಡಿಟ್ಟರೆ ಸಾಕು, ಬೇಕಾದಲ್ಲೆಲ್ಲ ಅದನ್ನೇ ಇಟ್ಟು ನಂಬರು ತುಂಬಬಹುದು ಎಂದು ತೋರಿಸಿಕೊಟ್ಟಳು. ಖಾನೆ ತುಂಬದೆ ಬಿಟ್ಟರೆ ಏನು ಕಾಣಬೇಕು ಎಂದೂ ಕಂಪ್ಯೂಟರ್ ಕೇಳಿತು. ಅಪ್ಪ ಅತ್ತಿತ್ತ ನೋಡಿ "ಚಿನ್ನು" ಎಂದು ಒತ್ತಿದ. ಅದು ಅಮ್ಮನನ್ನು ಅವನೊಬ್ಬನೇ ಕರೆಯುತ್ತಿದ್ದ ಹೆಸರು, ಅದೂ ನಾವು ಮಲಗಿದ್ದೇವೆ ಅಂದುಕೊಂಡಾಗ ಮಾತ್ರ. ನಾಲ್ಕು ಜನರೆದುರು ಅವಳು ಬರೀ "ಇಲ್ನೋಡು".

ನಕ್ಷೆ ಮುಗಿಯಿತು. ಅಲ್ಲಿಗೆ ಬಿಡಬಾರದೇ? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ. ನಂಬರು ಸಣ್ಣದಾಗಿ ಕಂಡಿತೆಂದು ಹಳೇ ಖಾನೆ ಅಳಿಸಿದ, ದೊಡ್ಡ ಅಕ್ಷರದ ಹೊಸ ಖಾನೆ ಮಾಡಿ ಅದಕ್ಕೂ "ಚಿನ್ನು" ಎಂದೇ ಕೊಟ್ಟ, ಎಲ್ಲ ವೃತ್ತಗಳಿಗೂ ಅದನ್ನೇ ಹಾಕು ಎಂದು ಒತ್ತಿ, ಸೇವ್ ಮಾಡಿ, ಪ್ರಿಂಟ್ ಕೊಟ್ಟು ಚಹಾಕ್ಕೆ ಹೋದ. ಹಳೇ ಖಾನೆಯ ಜೊತೆಗೆ ಅದರಲ್ಲಿದ್ದ ನಂಬರುಗಳೂ ಹೋಗುತ್ತವೆಂದು ಪಾಪ, ಅವನಿಗೇನು ಗೊತ್ತು!

ಬಂದು ನೋಡಿದರೆ ಹಾಳೆ ಮ್ಯಾನೇಜರ್ ಕೈಯಲ್ಲಿ. ಬಾಯ್ಲರಿನ ಸುತ್ತ ಒಂದೊಂದು ವೃತ್ತದಲ್ಲೂ ಚಿನ್ನು, ಚಿನ್ನು, ಚಿನ್ನು.

"ಏನ್ರೀ ಇದು?"

"ಮೀಟರ್ ಕಂಪನಿ ಹೆಸ್ರು ಸಾರ್," ಅಂದಳು ಟೈಪಿಸ್ಟ್ ಅಕ್ಕ, ಕಾಪಾಡಲು.

ಅಪ್ಪ ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ಅಲ್ಲ ಸಾರ್. ನನ್ ಹೆಂಡ್ತಿ," ಅಂದ.

ಇಡೀ ಆಫೀಸು ಬಿದ್ದೂ ಬಿದ್ದೂ ನಕ್ಕಿತು. ಮ್ಯಾನೇಜರ್ ಮಾತ್ರ ನಗಲಿಲ್ಲ. "ನಾಳೆ ಸಂಜೆ ಒಳಗೆ ಇವರನ್ನೆಲ್ಲ ಮನೆಗೆ ಕಳಿಸಿ, ನಂಬರ್‌ಗಳನ್ನ ವಾಪಸ್ ಕರ್ಕೊಂಡ್ ಬನ್ನಿ. ಇಲ್ಲಾಂದ್ರೆ ಸ್ಟೋರು!"

ಟೈಪಿಸ್ಟ್ ಅಕ್ಕ ಹಳೇ ಶಾಯಿ ನಕ್ಷೆ ಹರಡಿಕೊಂಡು ಓದುತ್ತಾ ಹೋದಳು, ಅಪ್ಪ ತುಂಬುತ್ತಾ ಹೋದ. ಮರುದಿನ ಸಂಜೆ ಮ್ಯಾನೇಜರ್ ಒಂದೊಂದರ ಮೇಲೂ ಬೆರಳಿಟ್ಟು ನೋಡಿ ಸಹಿ ಹಾಕಿದರು. ನಿವೃತ್ತಿಯವರೆಗೂ ಅಪ್ಪ ಆ ಕುರ್ಚಿ ಬಿಡಲಿಲ್ಲ.

ಕೆಟ್ಟ ಹಾಳೆಯನ್ನು ಸುರುಳಿ ಸುತ್ತಿ ಮನೆಗೆ ತಂದಿದ್ದ. ಅಮ್ಮ ಓದಿ ಕೆಂಪಗಾದಳು. "ನಾಚ್ಕೆ ಆಗಲ್ವೇನ್ರೀ? ಆಫೀಸಿಗೆಲ್ಲ ನನ್ನ ಹಂಚಿ ಬಂದಿದೀರಲ್ಲ!"

ಬೈದದ್ದೇನೋ ನಿಜ. ಆದರೆ ಮುಂದೆ ಅಪ್ಪ ಸಂಜೆ ಚಪ್ಪಲಿ ಬಿಡುವಾಗಲೆಲ್ಲ ಅವಳೇ ಕೇಳುವಳು: "ಇವತ್ತು ನಾನೆಲ್ಲಾದ್ರೂ ಬಂದ್ನಾ?"

"ಇಲ್ವೇ. ಈಗ ಖಾಲಿ ಖಾನೇಲಿ ಬರೀ ಗೀಟು ಬರೋ ಹಾಗೆ ಮಾಡಿದೀನಿ."

ಅವಳ ಮುಖ ಸ್ವಲ್ಪ ಸಪ್ಪಗಾಗುತ್ತಿತ್ತು. ನಾವು ಮಕ್ಕಳು ಮುಸಿಮುಸಿ ನಗುತ್ತಿದ್ದೆವು. ಆ ಸಂಜೆಗಳಿಗಾಗಿ ಈಗ ಜೀವ ಹಂಬಲಿಸುತ್ತದೆ.

ಅಪ್ಪ ನಿವೃತ್ತನಾಗಿ ಎಷ್ಟೋ ವರ್ಷದ ಮೇಲೆ ಅಮ್ಮ ಆಸ್ಪತ್ರೆ ಸೇರಿದಳು. ಹಗಲೋ ಇರುಳೋ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಅಪ್ಪ ಬಾಗಿಲಲ್ಲಿ ಕಂಡಾಗ ಕೆಲಸದಿಂದ ಬಂದನೆಂದೇ ತಿಳಿದು, "ಇವತ್ತು ನಾನೆಲ್ಲಾದ್ರೂ ಬಂದ್ನಾ?" ಎಂದಳು.

ನರ್ಸು, ನಾವು, ಸೊಸೆಯಂದಿರು, ಎಲ್ಲರೂ ಅಲ್ಲೇ ಇದ್ದೆವು. ಅಪ್ಪ ಯಾರನ್ನೂ ನೋಡಲಿಲ್ಲ.

"ಬಂದೆ ಚಿನ್ನು," ಅಂದ. "ಎಲ್ಲಾ ಕಡೆ ನೀನೇ."